ರೊಟ್ಟಿಯ ರೂಪ ಇರುವ ತನಕ

ನಮ್ಮ ಬೆಟಗೇರಿಯ ಪ್ರಾಟೆಸ್ಟೆಂಟ್ ಸಭೆಯಲ್ಲಿ ಕರ್ತನ ಭೋಜನದ ಬ್ರೆಡ್ಡು ಕತ್ತರಿಸುವ ಕೆಲಸ ನನ್ನದು. ಶನಿವಾರ ಸಂಜೆ ಬೇಕರಿಯಿಂದ ತರಿಸಿ, ಅಂಚಿನ ಕಂದು ಸಿಪ್ಪೆ ತೆಗೆದು, ಬಿಳಿಯ ಭಾಗವನ್ನು ಕಲ್ಲುಸಕ್ಕರೆಯಷ್ಟು ಸಣ್ಣ ತುಂಡು ಮಾಡಿ, ತಟ್ಟೆಗೆ ಹಾಕಿ ಬಿಳಿ ವಸ್ತ್ರ ಮುಚ್ಚಿಡುತ್ತೇನೆ. ಮರುದಿನ ಆರಾಧನೆ ಮುಗಿದ ಮೇಲೆ ಉಳಿದದ್ದನ್ನು ಮಕ್ಕಳು ಮುಕ್ಕುತ್ತವೆ. ಸಿಪ್ಪೆಯನ್ನು ನಾನು ಚಹಾದಲ್ಲಿ ಅದ್ದಿ ತಿನ್ನುತ್ತೇನೆ. ಇದರಲ್ಲಿ ಅಪಚಾರವೇನೂ ಇಲ್ಲ. ರೊಟ್ಟಿ ನೆನಪಿಗೆ, ದ್ರಾಕ್ಷಾರಸ ನೆನಪಿಗೆ. ಕರ್ತನು ಇರುವುದು ನಂಬುವವರ ಎದೆಯಲ್ಲಿ, ತಟ್ಟೆಯಲ್ಲಲ್ಲ. ಇದು ನಮ್ಮಪ್ಪ ನನಗೆ ಕಲಿಸಿದ್ದು, ನಾನು ಸಂಡೇ ಸ್ಕೂಲಿನ ಮಕ್ಕಳಿಗೆ ಕಲಿಸಿದ್ದು.

ನನ್ನ ತಮ್ಮ ಜಯಕರ ಮದುವೆಯಾಗಿ ಕರೆತಂದ ಹುಡುಗಿ ಇದನ್ನೆಲ್ಲ ನೋಡಿ ಬಾಗಿಲಲ್ಲೇ ನಿಂತುಬಿಟ್ಟಳು. ಗ್ರೆಟ್ಟಾ ಕಾರ್ಕಳದ ಕಡೆಯ ಕ್ಯಾಥೊಲಿಕ್ ಹುಡುಗಿ. ಅವಳ ತಂದೆ ಅಲ್ಲಿಯ ಇಗರ್ಜಿಯಲ್ಲಿ ಗಂಟೆ ಹೊಡೆದು, ಪೀಠ ಒರೆಸಿ, ಪಾತ್ರೆ ತೊಳೆದೇ ಜೀವನ ಕಳೆದವರು. ಪಾದ್ರಿ ಪ್ರಾರ್ಥಿಸಿ ಎತ್ತಿ ಹಿಡಿದ ಮೇಲೆ ಓಸ್ತಿ, ಅಂದರೆ ಕಾಗದದಷ್ಟು ತೆಳ್ಳಗಿನ ಆ ಗೋಧಿಯ ಬಿಲ್ಲೆ, ಅವರಿಗೆ ರೊಟ್ಟಿಯಲ್ಲ, ಸಾಕ್ಷಾತ್ ಯೇಸುವಿನ ಶರೀರ.

"ಅಕ್ಕ, ಇದು ಪ್ರಾರ್ಥನೆ ಆದದ್ದಲ್ವಾ? ಹೀಗೆ ಮುಕ್ಕುದಾ ಮಕ್ಕಳು?" ಎಂದವಳು, ಹೊಸ ಸೀರೆಯಲ್ಲೇ ನೆಲಕ್ಕೆ ಕೂತು ಬಿದ್ದ ಚೂರುಗಳನ್ನು ಬೆರಳಿಗೆ ಅಂಟಿಸಿ ಎತ್ತತೊಡಗಿದಳು.

"ಬಿಡವಾ, ಇರುವಿ ತಿಂತಾವು," ಅಂದೆ ನಾನು. ಅವಳು ನನ್ನನ್ನು ನೋಡಿದ ನೋಟಕ್ಕೆ ಸಭೆಯ ಹಿರಿಯರೆಲ್ಲ ನಕ್ಕರು. ನಾನೂ ನಕ್ಕೆ.

ಆಮೇಲೆ ಸಿಕ್ಕಾಗಲೆಲ್ಲ ನಮ್ಮಿಬ್ಬರಿಗೂ ಇದೇ ವಾದ. ನಾನು ಬಾಯಿಬಡಕಿ, ಅವಳು ನಗುನಗುತ್ತಲೇ ಹಟ ಬಿಡದವಳು.

"ನೋಡಿದ್ರ ರೊಟ್ಟಿ, ಮೂಸಿದ್ರ ರೊಟ್ಟಿ, ನಾಲಿಗಿಗೂ ರೊಟ್ಟಿ. ಶರೀರ ಎಲ್ಲಿಂದ ಬಂತವಾ?"

"ಹೊರಗಿನ ರೂಪ ಮಾತ್ರ ರೊಟ್ಟಿದು ಅಕ್ಕ. ಇರೋದು ಅವರೇ. ನೀವು ಬೇರೆ ಸೀರೆ ಉಟ್ರೆ ಬೇರೆಯವರಾಗ್ತೀರಾ?"

"ಸೀರಿ ಬ್ಯಾರೆ, ರೊಟ್ಟಿ ಬ್ಯಾರೆ," ಎಂದು ನಾನು ಎದ್ದುಹೋಗುತ್ತಿದ್ದೆ. ಸೋತಾಗ ಎದ್ದುಹೋಗುವುದು ನನ್ನ ಪದ್ಧತಿ.

ಗಂಡ ಹೆಂಡತಿ ಇಬ್ಬರಿಗೂ ಹೈದರಾಬಾದಿನಲ್ಲಿ ಕೆಲಸ. ಮಾಧಾಪುರದ ಬಂಡೆ ಒಡೆದು ಗಾಜಿನ ಕಟ್ಟಡಗಳನ್ನು ಎಬ್ಬಿಸುತ್ತಿದ್ದ ಕಾಲ ಅದು. ಮೆಹದಿಪಟ್ಟಣಂನಲ್ಲಿ ಬಾಡಿಗೆ ಮನೆ, ಬೆಳಿಗ್ಗೆ ಒಂದೇ ಕಂಪನಿ ಬಸ್ಸು ಹತ್ತಿ ಹೋಗುವುದು, ಕತ್ತಲಾದ ಮೇಲೆ ಬರುವುದು. ಮಕ್ಕಳಿರಲಿಲ್ಲ. ಭಾನುವಾರ ಮಾತ್ರ ತಪ್ಪದೆ ಇಗರ್ಜಿ. ಜಯಕರನೂ ಜೊತೆಗೆ ಹೋಗುತ್ತಿದ್ದ, ಆದರೆ ಓಸ್ತಿ ಹಂಚುವ ಪರಮ ಪ್ರಸಾದದ ಹೊತ್ತಿಗೆ ಎಲ್ಲರೂ ಎದ್ದು ಸಾಲಿಗೆ ಹೋದರೆ ಇವನು ಬೆಂಚಿನಲ್ಲೇ ಕೂತಿರುತ್ತಿದ್ದ. ಎದ್ದು ಹೋಗಿ ಕೈಯೊಡ್ಡಿದರೆ ಅಷ್ಟು ದೊಡ್ಡ ಊರಿನಲ್ಲಿ ನೀನು ಯಾವ ಸಭೆಯವನು ಎಂದು ಕೇಳುವವರು ಯಾರೂ ಇರಲಿಲ್ಲ. ಇವನಿಗೇ ಮನಸ್ಸು ಒಪ್ಪುತ್ತಿರಲಿಲ್ಲ.

"ಫಾದರ್ 'ಕ್ರಿಸ್ತರ ಶರೀರ' ಅಂತಾರ, ನಾ 'ಆಮೆನ್' ಅನಬೇಕು. ನಂಬದಽ ಹ್ಯಾಂಗ ಅನ್ಲಿ ಅಕ್ಕಾ?" ಎಂದು ನನ್ನ ಮುಂದೆಯೇ ಹೇಳಿದ್ದ.

ಗ್ರೆಟ್ಟಾ ಅಲ್ಲೇ ಇದ್ದಳು. "ಬೇಡ. ಸುಳ್ಳು ಹೇಳಿ ಬರೋದು ಬೇಡ. ನಾನು ಕಾಯ್ತೇನೆ," ಅಂದಳು.

ಅವನ ಕಾಲು ಉದ್ದ, ಹಾಗಾಗಿ ಬೆಂಚಿನ ತುದಿಗೆ, ನಡುವಿನ ದಾರಿಯ ಪಕ್ಕಕ್ಕೆ ಕೂರುತ್ತಿದ್ದ. ಒಳಗೆ ಕೂತ ಅವಳು ಸಾಲಿಗೆ ಹೋಗಬೇಕಾದರೆ ಅವನನ್ನು ದಾಟಬೇಕು. ಅವನು ಮೊಣಕಾಲು ಪಕ್ಕಕ್ಕೆ ತಿರುಗಿಸಿ ದಾರಿ ಬಿಡುತ್ತಿದ್ದ, ಅವಳು ಪ್ರಸಾದ ತಗೊಂಡು ಬರುವ ತನಕ ಹಾಗೇ ಇಟ್ಟುಕೊಂಡಿರುತ್ತಿದ್ದ. ಬರುವಾಗ ಅವಳು ತಲೆ ತಗ್ಗಿಸಿ ಕಣ್ಣು ಮುಚ್ಚಿದ ಹಾಗೇ ಬಂದು ದಾಟಿ ಕೂರುತ್ತಿದ್ದಳು. ಅವನ ಮೊಣಕಾಲು ಸರಿದೇ ಇರುತ್ತದೆ ಎಂದು ಅವಳಿಗೆ ಗೊತ್ತು.

"ನಿಮ್ಮ ಪೂಜಿಯೊಳಗ ನಂದೂ ಒಂದು ಕೆಲಸ ಐತಿ ನೋಡು, ಮೊಣಕಾಲು ಸರಸೂದು," ಎಂದು ಅವಳನ್ನು ಕಾಡಿಸುತ್ತಿದ್ದ.

ಮದುವೆಯಾಗಿ ಕೆಲವೇ ವರ್ಷಕ್ಕೆ ಗ್ರೆಟ್ಟಾಗೆ ಹೊಟ್ಟೆಯ ಕ್ಯಾನ್ಸರ್ ಎಂದು ಗೊತ್ತಾಯಿತು. ಗೊತ್ತಾಗುವ ಹೊತ್ತಿಗೆ ಕೈಮೀರಿತ್ತು. ನಾನು ಕಲಿಸುವ ಶಾಲೆಗೆ ರಜೆ ಹಾಕಿ, ಗುಂತಕಲ್ಲಿನಲ್ಲಿ ರೈಲು ಬದಲಿಸಿ, ಕಾಚಿಗೂಡದಲ್ಲಿ ಇಳಿದೆ. ಒರೆಸಲಿಕ್ಕೆ ಮೆತ್ತಗಿರಲಿ ಎಂದು ನನ್ನ ಹಳೆಯ ನೂಲಿನ ಸೀರೆಯೊಂದನ್ನು ಹರಿದು ತುಂಡು ಮಾಡಿ ತಂದಿದ್ದೆ. ನೀಲಿ ಹೂವಿನ ಸೀರೆ. ಬೇಗಂಪೇಟೆಯ ಆ ಆಸ್ಪತ್ರೆಯ ಮೇಲೆ ವಿಮಾನಗಳು ಎಷ್ಟು ತಗ್ಗಿನಲ್ಲಿ ಹೋಗುತ್ತಿದ್ದವೆಂದರೆ ಪ್ರತಿ ಸಲ ಕಿಟಕಿಯ ಗಾಜು ಗದಗದ ಅನ್ನುತ್ತಿತ್ತು, ನಮ್ಮ ಮಾತು ಅರ್ಧಕ್ಕೇ ನಿಲ್ಲುತ್ತಿತ್ತು.

ಜಯಕರ ಅವಳ ಆರೈಕೆಯನ್ನು ನರ್ಸುಗಳಿಗಿಂತ ಚೆನ್ನಾಗಿ ಕಲಿತಿದ್ದ. ಅವಳಿಗೆ ಏನೂ ನಿಲ್ಲುತ್ತಿರಲಿಲ್ಲ, ನೀರು ಕೂಡ ವಾಂತಿಯಾಗುತ್ತಿತ್ತು. ಗದ್ದದ ಕೆಳಗೆ ಬಟ್ಟೆ ಹಿಡಿಯುವುದು, ಮಡಿಸುವುದು, ಕಾಲಿನಿಂದ ಒತ್ತಿ ಮುಚ್ಚಳ ತೆರೆದು ಹಳದಿ ಚೀಲದ ಡಬ್ಬಿಗೆ ಹಾಕುವುದು, ಬಾಯಿ ಒರೆಸುವುದು. ಇದೆಲ್ಲ ಅವನ ಕೈಗೆ ಉಸಿರಾಟದಷ್ಟು ರೂಢಿಯಾಗಿತ್ತು.

ಡಾಕ್ಟರು ಇನ್ನು ಮನೆಯವರಿಗೆಲ್ಲ ಹೇಳಿಬಿಡಿ ಅಂದ ಮರುದಿನ ಬೆಳಿಗ್ಗೆ ಫಾದರ್ ಬಾಲಶೌರಿ ಬಂದರು. ತೆಲುಗಿನವರು, ಬೆಂಗಳೂರಿನಲ್ಲಿ ಓದಿದ್ದರಿಂದ ಪುಸ್ತಕದ ಕನ್ನಡ ಬರುತ್ತಿತ್ತು. ಅವಳು ಆ ದಿನಕ್ಕಾಗಿ ಎಷ್ಟು ಕಾದಿದ್ದಳೆಂದರೆ ಮುಂಜಾನೆಯೇ ನನ್ನ ಕೈಯಲ್ಲಿ ತಲೆ ಬಾಚಿಸಿಕೊಂಡಿದ್ದಳು. ಬಾಚಲಿಕ್ಕೆ ಕೂದಲೆಲ್ಲಿತ್ತು, ಸುಮ್ಮನೆ ಬಾಚಣಿಗೆ ಆಡಿಸಿದೆ. ಫಾದರ್ ಓಸ್ತಿಯನ್ನು ಮುರಿದು ಉಗುರಿನಷ್ಟು ಚೂರನ್ನು ಅವಳ ನಾಲಿಗೆಯ ಮೇಲೆ ಇಟ್ಟರು. "ಕ್ರಿಸ್ತರ ಶರೀರ." ಅದೇ ಹೊತ್ತಿಗೆ ವಿಮಾನವೊಂದು ಹೋಯಿತು. ಅವಳ ಆಮೆನ್ ನಮಗೆ ಕೇಳಲಿಲ್ಲ, ತುಟಿ ಆಡಿದ್ದು ಕಂಡಿತು. ಪ್ರಾರ್ಥನೆ ಮುಗಿಸಿ ಫಾದರ್ ಬೇರೊಂದು ಆಸ್ಪತ್ರೆಗೆ ಹೊರಟುಹೋದರು.

ಅವರು ಹೋದ ಸ್ವಲ್ಪ ಹೊತ್ತಿಗೆ ಅವಳಿಗೆ ಕೆಮ್ಮು ಬಂತು. ನುಂಗಲಾಗದೆ ಬಾಯಲ್ಲೇ ಇಟ್ಟುಕೊಂಡಿದ್ದಳು ಪಾಪ. ಜಯಕರ ಬಟ್ಟೆ ಹಿಡಿದ. "ಆತು, ಆತು" ಎಂದು ಬೆನ್ನು ಸವರಿದ. ಬಟ್ಟೆ ಮಡಿಸಿದ, ಕಾಲಿನಿಂದ ಮುಚ್ಚಳ ತೆರೆದ, ಹಾಕಿದ, ಬಾಯಿ ಒರೆಸಿದ. ಅಲ್ಲೇ ನಿಂತಿದ್ದ ನನಗೂ ಏನೂ ಹೊಳೆಯಲಿಲ್ಲ. ಹೊಳೆಯುವುದಾದರೂ ಹೇಗೆ? ನಾವಿಬ್ಬರೂ ಸಿಪ್ಪೆಯನ್ನು ಚಹಾದಲ್ಲಿ ಅದ್ದಿ ತಿಂದು ಬೆಳೆದವರು.

ಅವಳು ಬೆರಳೆತ್ತಿ ತೋರಿಸಿದಳು. ನೀರು ಬೇಕೇನೋ ಎಂದು ಹತ್ತಿಯಲ್ಲಿ ತುಟಿ ಒದ್ದೆ ಮಾಡಿದ. ತಲೆ ಆಡಿಸಿದಳು. ದಿಂಬು ಸರಿ ಮಾಡಿದ. ಮತ್ತೆ ತಲೆ ಆಡಿಸಿದಳು. ಅಷ್ಟರಲ್ಲಿ ಆಯಾ ಬಂದು ಹಳದಿ ಚೀಲದ ಬಾಯಿ ಕಟ್ಟಿ ಎತ್ತಿಕೊಂಡು ಹೋದಳು. ಗ್ರೆಟ್ಟಾಳ ಕಣ್ಣು ಆ ಚೀಲದ ಹಿಂದೆಯೇ ಬಾಗಿಲ ತನಕ ಹೋಯಿತು, ಆಮೇಲೆ ಧಾರೆ ಧಾರೆಯಾಗಿ ಅಳತೊಡಗಿದಳು. ಎಲ್ಲ ಶಕ್ತಿ ಕೂಡಿಸಿ ಒಂದೇ ಮಾತು ಅಂದಳು: "ಓಸ್ತಿ."

ನನ್ನ ತಮ್ಮ ಕಾಲಿನಿಂದ ಮುಚ್ಚಳ ತೆರೆದು ಖಾಲಿ ಡಬ್ಬಿಯೊಳಗೆ ನೋಡಿದ.

ನಾನು ಸಮಾಧಾನಕ್ಕೆಂದು, "ದೇವರಿಗೆ ಎಲ್ಲಾ ತಿಳೀತೈತಿ ಬಿಡವಾ. ಬೇಕಂತ ಮಾಡಿದ್ದಲ್ಲ, ತಪ್ಪು ಹಿಡ್ಯಂಗಿಲ್ಲ," ಅಂದೆ.

"ತಪ್ಪು ಅಂತ ಅಲ್ಲ ಅಕ್ಕ," ಅಂದಳು. "ಅವರು ಅಲ್ಲಿ ಒಬ್ಬರೇ ಇದ್ದಾರೆ."

ಜಯಕರ ಲಿಫ್ಟಿಗೂ ಕಾಯದೆ ಮೆಟ್ಟಿಲಿಳಿದು ಓಡಿದ. ನರ್ಸಿಗೆ ಅವಳನ್ನು ಒಪ್ಪಿಸಿ ನಾನೂ ಹಿಂದೆ ಹೋದೆ.

ಆಸ್ಪತ್ರೆಯ ಹಿಂದೆ ತಗಡಿನ ಶೆಡ್ಡು, ಒಳಗೆ ಹಳದಿ ಚೀಲಗಳ ರಾಶಿ. ಅಲ್ಲಿಯ ಕೆಲಸದವನು ಅಡ್ಡ ಬಂದು ಹಿಂದಿಯಲ್ಲಿ ಬೈಯತೊಡಗಿದ. ಜಯಕರ ಕೈಮುಗಿದ. ನಾವಿಬ್ಬರೂ ಕನ್ನಡದಲ್ಲಿ ಆಡಿಕೊಂಡ ಮಾತು ಕೇಳಿ ಆ ಮನುಷ್ಯ ತಣ್ಣಗಾದ. ಬೂದೆಪ್ಪ ಅಂತ, ಯಾದಗಿರಿ ಕಡೆಯವನು.

"ಏನ್ ಹುಡಕಾಕತ್ತೀರಿ ಸಾಹೇಬ್ರ? ಬಂಗಾರೇನ್ರಿ?"

ಜಯಕರ ಬಾಯಿ ತೆರೆದ. ರೊಟ್ಟಿ ಎನ್ನುತ್ತಾನೋ, ದೇವರು ಎನ್ನುತ್ತಾನೋ ಎಂದು ನಾನು ಅವನ ಮುಖವನ್ನೇ ನೋಡಿದೆ.

"ನನ್ನ ಹೆಂಡ್ತೀದು," ಅಂದ. "ಆಕೀದು ಒಂದು ಇಲ್ಲಿ ಬಂದುಬಿಟ್ಟೈತಿ."

ಬೂದೆಪ್ಪ ರಬ್ಬರಿನ ಕೈಗವಸು ಕೊಟ್ಟು, ನಮ್ಮ ಮಹಡಿಯಿಂದ ಬಂದ ಚೀಲಗಳನ್ನು ಒಂದು ಕಡೆ ಎಳೆದು ಹಾಕಿದ. ಆ ವಾಸನೆ, ಆ ರಕ್ತದ ಹತ್ತಿ, ಅದನ್ನೆಲ್ಲ ಬರೆಯುವುದಿಲ್ಲ. ನನ್ನ ತಮ್ಮ ಸಣ್ಣಂದಿನಿಂದ ಕೈಗೆ ಮಣ್ಣಾದರೆ ಸಹಿಸದವನು. ಮೊಣಕಾಲೂರಿ ಕೂತು, ನೀಲಿ ಹೂವಿನ ತುಂಡು ಕಂಡಾಗಲೆಲ್ಲ ಎತ್ತಿ ಬಿಡಿಸಿ ನೋಡಿದ. ಇದಲ್ಲ. ಇದೂ ಅಲ್ಲ. ಕಡೆಗೊಂದು ಬಟ್ಟೆಯ ಮಡಿಕೆಯಲ್ಲಿ, ಅವಳ ಲೋಳೆಯ ನಡುವೆ, ಅದು ಇತ್ತು. ಉಗುರಿನಷ್ಟು ಬಿಳಿ ಚೂರು, ಒಂದು ಅಂಚು ಮೆತ್ತಗಾಗಿತ್ತು. ಜಯಕರ ಆ ಬಟ್ಟೆಯನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು ಮಗುವಿನ ಹಾಗೆ ಅತ್ತ. ನಾನೂ ಅತ್ತೆ. ಅವನಿಗಾಗಿ ಅತ್ತೆನೋ, ಅವಳಿಗಾಗಿಯೋ, ಕಸದಲ್ಲಿ ಒಬ್ಬರೇ ಇದ್ದ ಅವರಿಗಾಗಿಯೋ, ಇವತ್ತಿಗೂ ಹೇಳಲಾರೆ.

ಮೇಲೆ ಬಂದು ಗಾಜಿನ ಲೋಟದಲ್ಲಿ ಶುದ್ಧ ನೀರು ತುಂಬಿ, ಆ ಚೂರನ್ನು ಬಿಡಿಸಿ ಅದರಲ್ಲಿ ಬಿಟ್ಟು, ಅವಳ ಕಣ್ಣಿಗೆ ಕಾಣುವಂತೆ ಹಿಡಿದ.

"ಸಿಕ್ಕಿತಾ?"

"ಸಿಕ್ತು."

"ಸುಳ್ಳಲ್ಲ ಅಲ್ವಾ ಜಯು?" ಎಂದು ಕೇಳಿ, ಅವನು ಉತ್ತರಿಸುವ ಮೊದಲೇ ತಾನೇ ಹೇಳಿದಳು. "ನೀನು ಸುಳ್ಳು ಹೇಳುದಿಲ್ಲ. ಹೇಳುವವನಾಗಿದ್ರೆ ಯಾವಾಗ್ಲೋ ನನ್ನ ಜೊತೆ ಸಾಲಲ್ಲಿ ನಿಲ್ತಿದ್ದಿ."

ಅವಳು ತುಸು ತುಸುವೇ ಉಸಿರು ತಗೊಂಡು ಅವನಿಗೆ ವಿಧಿ ಹೇಳಿಕೊಟ್ಟಳು. ಇಗರ್ಜಿಯಲ್ಲಿ ಓಸ್ತಿ ಕೆಳಗೆ ಬಿದ್ದು ತಿನ್ನಲು ಬಾರದಂತಾದರೆ ಅವಳ ತಂದೆ ಹೀಗೇ ಮಾಡುತ್ತಿದ್ದರಂತೆ. "ಮುಚ್ಚಿಡು. ತಾನಾಗಿ ಕರಗ್ಲಿ. ರೊಟ್ಟಿಯ ರೂಪ ಇರುವ ತನಕ ಅವರು ಅದರಲ್ಲಿ ಇರ್ತಾರೆ. ಪೂರ್ತಿ ಕರಗಿದ ಮೇಲೆ ಅದು ನೀರು ಮಾತ್ರ. ಆಮೇಲೆ ಯಾರ ಕಾಲೂ ತಾಗದ ಮಣ್ಣಿಗೆ ಹಾಕು. ಅಲ್ಲಿ ತನಕ ನೋಡ್ಕೊಳ್ತಿ ಅಲ್ವಾ?"

"ನೋಡ್ಕೋತೀನಿ."

ಅವಳ ಮುಖ ಸಡಿಲವಾಯಿತು. ಆ ಸಂಜೆ ನಿದ್ದೆ ಹೋದಳು. ಮರುದಿನ ಮಧ್ಯಾಹ್ನ, ಲೋಟದಲ್ಲಿ ಆ ಚೂರು ಗಂಜಿಯ ಕೆನೆಯ ಹಾಗೆ ತೇಲುತ್ತಿರುವಾಗಲೇ, ಗ್ರೆಟ್ಟಾ ಹೋಗಿಬಿಟ್ಟಳು.

ಮಂಚ ಖಾಲಿ ಮಾಡಲು ಬಂದ ಆಯಾ ಪಕ್ಕದ ಮೇಜಿನ ಮೇಲಿದ್ದ ಔಷಧಿ, ಬಾಚಣಿಗೆ ಎಲ್ಲ ಒಂದು ಚೀಲಕ್ಕೆ ತುಂಬಿ, ಲೋಟದ ನೀರು ಚೆಲ್ಲಲು ತೊಟ್ಟಿಯ ಕಡೆ ನಡೆದಳು. "ಮುಟ್ಟಬ್ಯಾಡ್ರೀ ಅದನ್ನ!" ಎಂದು ನಾನು ಕೂಗಿದೆ. ನನ್ನ ಕನ್ನಡ ಅಲ್ಲಿ ಯಾರಿಗೂ ಅರ್ಥವಾಗಲಿಲ್ಲ, ಆದರೆ ಇಡೀ ವಾರ್ಡು ತಿರುಗಿ ನೋಡಿತು. ಲೋಟ ಕಸಿದುಕೊಂಡು ಎದೆಗವಚಿಕೊಂಡೆ. ಜಯಕರ ಹೆಣದ ಗಾಡಿಯಲ್ಲಿ ಹೋದ. ನಾನು ಬೇಗಂಪೇಟೆಯಿಂದ ಮೆಹದಿಪಟ್ಟಣಂ ತನಕ ಆಟೋದಲ್ಲಿ, ಲೋಟದ ಬಾಯಿಗೆ ಅಂಗೈ ಮುಚ್ಚಿ, ಗುಂಡಿ ಬಂದಾಗಲೆಲ್ಲ "ಧೀರೇ, ಧೀರೇ" ಎಂದು ಆಟೋದವನನ್ನು ಬೈಯುತ್ತ ಹೋದೆ. ಬ್ರೆಡ್ಡಿನ ಸಿಪ್ಪೆ ತಿನ್ನುವವಳು ನಾನು. ಒಂದು ಹನಿ ಚೆಲ್ಲಗೊಡಲಿಲ್ಲ.

ಅವಳ ತಂದೆ ಬಂದರು. ಹೈದರಾಬಾದಿನಲ್ಲೇ ಮಣ್ಣು ಮಾಡಿದೆವು. ಎಲ್ಲರೂ ಗೇಟಿನ ತನಕ ನಡೆದು ಬಂದರೂ ಜಯಕರ ಸಮಾಧಿಯ ಬಳಿಯೇ ನಿಂತಿದ್ದ. ನಾನು ಹೋಗಿ ತೋಳು ಹಿಡಿದೆ.

"ನಡಿ ತಮ್ಮಾ."

"ಒಬ್ಬಾಕೀನಽ ಅದಾಳಲ್ಲ ಅಕ್ಕಾ," ಅಂದ.

ಮನೆಯಲ್ಲಿ ಲೋಟವನ್ನು ಅವಳ ಜಪಮಾಲೆಯ ಪಕ್ಕದಲ್ಲಿ ಇಟ್ಟು ಚಹಾದ ಬಸಿ ಮುಚ್ಚಿದ. ಬೆಳಿಗ್ಗೆ ಎದ್ದ ಕೂಡಲೇ ಮುಖವನ್ನೂ ತೊಳೆಯದೆ ಅದನ್ನು ಕಿಟಕಿಯ ಬೆಳಕಿಗೆ ಹಿಡಿದು ನೋಡುತ್ತಿದ್ದ. ಆಫೀಸಿನಿಂದ ಫೋನು ಬಂದರೆ ಎತ್ತುತ್ತಿರಲಿಲ್ಲ. ಮೊದಮೊದಲು ಬಿಳಿ ಕೆನೆ ಇತ್ತು, ಆಮೇಲೆ ಎಳೆ ಎಳೆಯಾಯಿತು, ಆಮೇಲೆ ನೀರು ಸ್ವಲ್ಪ ಮಬ್ಬಾಗಿತ್ತು ಅಷ್ಟೇ. ಒಂದು ದಿನ ಮಬ್ಬೂ ತಳಕ್ಕಿಳಿದು ತಿಳಿಯಾಯಿತು.

"ಕರಗೇತಿ ತಮ್ಮಾ. ಹಾಕಿಬಿಡು," ಅಂದೆ.

"ಇನ್ನೂ ಐತಿ. ನೋಡಿಲ್ಲೆ." ಲೋಟ ಅಲ್ಲಾಡಿಸಿ ಬೆಳಕಿಗೆ ಹಿಡಿದ. ನಾನು ಕನ್ನಡಕ ಒರೆಸಿಕೊಂಡು ನೋಡಿದೆ. ಏನೂ ಇರಲಿಲ್ಲ.

ಮರುದಿನ ಅದೇ ಮಾತು, ಅದರ ಮರುದಿನವೂ ಅದೇ. ನನಗೆ ಸಿಟ್ಟು ಬಂತು. ಸಂಕಟ ಹೆಚ್ಚಾದಾಗ ನನಗೆ ಸಿಟ್ಟೇ ಬರುವುದು. "ಆಕೀ ಏನ್ ಹೇಳಿ ಹೋದ್ಲು? ಕರಗಿದ ಮ್ಯಾಲೆ ಹಾಕು ಅಂದ್ಲು. ನಿಂದೇನು ಇದು? ಮೊದಲು ರೊಟ್ಟಿ ಅಂತಿದ್ದಿ, ಈಗ ನೀರಿಗೂ ಕೈಮುಗೀತಿಯೇನು?" ಎಂದು ಕೂಗಾಡಿದೆ. ಅವನು ತಿರುಗಿ ಬೈದಿದ್ದರೆ ನನಗೆ ಎಷ್ಟೋ ಹಗುರವಾಗುತ್ತಿತ್ತು. ಅವನು ಬಸಿ ಮುಚ್ಚಿ ಒಳಗೆ ಹೋದ.

ಕಡೆಗೆ ನಾನೇ ಫಾದರ್ ಬಾಲಶೌರಿಗೆ ಫೋನು ಮಾಡಿ ಕರೆಸಿದೆ. ಅವರು ಲೋಟವನ್ನು ಎತ್ತಿ, ಬಹಳ ಹೊತ್ತು ನೋಡಿ, ಮೆಲ್ಲಗೆ ಇಟ್ಟರು.

"ಪೂರ್ಣವಾಗಿ ಕರಗಿದೆ. ರೊಟ್ಟಿಯ ರೂಪ ಇಲ್ಲ. ಆದ್ದರಿಂದ ಅವರ ಸಾನ್ನಿಧ್ಯ ಈಗ ಇದರಲ್ಲಿ ಇಲ್ಲ. ಇದು ನೀರು."

"ರೂಪ ಹೋದ ಮ್ಯಾಲೆ ಇಲ್ಲ," ಅಂದ ಜಯಕರ.

"ಇಲ್ಲ."

"ಹಂಗಾರ ಗ್ರೆಟ್ಟಾ?"

ಫಾದರ್ ಅವನ ಕೈ ಹಿಡಿದುಕೊಂಡರು. "ಆ ನಿಯಮ ರೊಟ್ಟಿಗೆ, ಮನುಷ್ಯರಿಗಲ್ಲ. ಅವಳು ದೇವರ ಬಳಿ ಇದ್ದಾಳೆ, ಜಯಕರ್."

"ದೇವರ ಹತ್ತರ ಅದಾಳಂತ ನನಗೂ ಗೊತ್ತೈತಿ ಫಾದರ್. ನಾವೂ ಅದನ್ನಽ ನಂಬೂದು." ಅವನು ಅಡುಗೆಮನೆಯ ಕಡೆ ನೋಡಿದ, ಬಾಗಿಲ ಹಿಂದೆ ತೂಗುಹಾಕಿದ್ದ ಅವಳ ಕಂಪನಿ ಬ್ಯಾಗಿನ ಕಡೆ ನೋಡಿದ. "ನಾ ಕೇಳಿದ್ದು ಇಲ್ಲಿ. ಇಲ್ಲಿ ಅದಾಳೇನು?"

ಫಾದರ್ ಒಳ್ಳೆಯವರು. ಅವನ ಕೈ ಬಿಡದೆ ಕೂತರು. ಆಮೇಲೆ ಜಯಕರ ತಾನೇ ಎದ್ದ. ಬಾಲ್ಕನಿಯಲ್ಲಿ ಗ್ರೆಟ್ಟಾ ಹಳೆಯ ಬಕೆಟ್ಟಿನಲ್ಲಿ ಬೆಳೆಸಿದ್ದ ಕರಿಬೇವಿನ ಗಿಡವಿತ್ತು. ಬಕೆಟ್ಟಿನ ಮಣ್ಣಿಗೆ ಯಾರ ಕಾಲೂ ತಾಗುವುದಿಲ್ಲ. ಲೋಟವನ್ನು ಬಗ್ಗಿಸಿ ನಿಧಾನವಾಗಿ ಸುರಿದ. ಒಣಗಿದ ಮಣ್ಣು ಒಂದೇ ಗುಟುಕಿಗೆ ಕುಡಿದುಬಿಟ್ಟಿತು. ಅವನು ಖಾಲಿ ಲೋಟ ಹಿಡಿದುಕೊಂಡು ಬಕೆಟ್ಟಿನ ಪಕ್ಕ ಕೂತ.

ಆ ಭಾನುವಾರ ನಾನು ಊರಿಗೆ ಹೊರಡುವವಳಿದ್ದೆ. ಬೆಳಿಗ್ಗೆ ಅವನು ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು ಬಂದು, "ಅಕ್ಕಾ, ಇಗರ್ಜಿಗೆ ಬರ್ತೀಯೇನು?" ಅಂದ. ಹೋದೆವು. ಅವನು ಎಂದಿನ ಜಾಗದಲ್ಲಿ, ಬೆಂಚಿನ ತುದಿಗೆ ಕೂತ. ನಾನು ಒಳಗೆ ಸರಿದು ಕೂತೆ. ನಮ್ಮಿಬ್ಬರ ನಡುವೆ ಒಬ್ಬರು ಕೂರುವಷ್ಟು ಜಾಗ ಉಳಿಯಿತು, ಅಲ್ಲಿ ನನ್ನ ಪ್ರಯಾಣದ ಕೈಚೀಲ ಇಟ್ಟೆ. ಪೂಜೆ ತೆಲುಗಿನಲ್ಲಿ. ನನಗೆ ಅಷ್ಟಿಷ್ಟು ತಿಳಿಯಿತು. ಗಂಟೆ ಬಾರಿಸಿದರು, ಫಾದರ್ ಓಸ್ತಿಯನ್ನು ಎತ್ತಿ ಹಿಡಿದರು, ಆಮೇಲೆ ಜನ ಎದ್ದು ಸಾಲಾದರು.

ಜಯಕರ ಮೊಣಕಾಲು ಪಕ್ಕಕ್ಕೆ ತಿರುಗಿಸಿದ.

ನನಗೆ ದಾರಿ ಬಿಡುತ್ತಿದ್ದಾನೆಂದು ತಿಳಿದು, "ನಾ ಹೋಗಂಗಿಲ್ಲೋ," ಎಂದು ಪಿಸುಗುಟ್ಟಿದೆ. ಅವನಿಗೆ ಕೇಳಿಸಲಿಲ್ಲ. ಅವನು ನನ್ನನ್ನು ನೋಡುತ್ತಲೂ ಇರಲಿಲ್ಲ. ಮುಂದೆ ಸಾಲು ಕರಗುತ್ತಿತ್ತು, ಒಬ್ಬೊಬ್ಬರೇ ತಲೆ ತಗ್ಗಿಸಿ ತಮ್ಮ ಜಾಗಕ್ಕೆ ಮರಳುತ್ತಿದ್ದರು. ಅವನು ಮೊಣಕಾಲು ಸರಿಸಿಕೊಂಡೇ ಕೂತಿದ್ದ, ಹೋದವಳು ಬಂದು ದಾಟಿ ಕೂರುವ ತನಕ ಕೂರುತ್ತಿದ್ದ ಹಾಗೆಯೇ.

ನಾನು ನಡುವೆ ಇಟ್ಟಿದ್ದ ಕೈಚೀಲವನ್ನು ಎತ್ತಿ ತೊಡೆಯ ಮೇಲೆ ಇಟ್ಟುಕೊಂಡೆ.